ಪಿಚ್ ಹೆಚ್ಚಿರುವ ಪ್ರೊಪೆಲ್ಲರ್ ಹಾಕಿದರೆ ದೋಣಿ ವೇಗವಾಗಿ ಓಡುತ್ತದೆಯೇ?

‘ಪಿಚ್ ಜಾಸ್ತಿ ಇರುವ ಫ್ಯಾನ್ ಹಾಕಿ, ಅದೇ ಎಂಜಿನ್‌ನಲ್ಲಿ ದೋಣಿ ಇನ್ನೂ ವೇಗವಾಗಿ ಓಡುತ್ತದೆ, ಇಂಧನವೂ ಉಳಿಯುತ್ತದೆ.’ ಇಂಥ ಸಲಹೆ ನಿಮ್ಮ ಗುಂಪಿಗೂ ಬಂದರೆ ಹಂಚುವ ಮುನ್ನ ಸ್ವಲ್ಪ ತಡೆಯಿರಿ. ಕೆಲವು ಹಗುರ ದೋಣಿಗಳಲ್ಲಿ ಇದು ನಿಜವಾಗಬಹುದು. ಆದರೆ ಬಲೆ, ಮಂಜುಗಡ್ಡೆ, ಜನರನ್ನು ಹೊತ್ತು ಕಡಲಿಗಿಳಿಯುವ ನಾಡದೋಣಿಗೆ ಇದರಿಂದ ನಷ್ಟವೇ ಹೆಚ್ಚು. ಏಕೆಂದು ನೋಡೋಣ.

ಪ್ರೊಪೆಲ್ಲರ್ ಮೇಲಿನ ಸಂಖ್ಯೆಗಳು ಏನು ಹೇಳುತ್ತವೆ?

ಸಾಮಾನ್ಯವಾಗಿ ಪ್ರೊಪೆಲ್ಲರ್ ಮೇಲೆ 9 × 10 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದಾಗ ಪ್ರತಿ ಸುತ್ತಿಗೆ ಅದು ಇಷ್ಟಿಷ್ಟೇ ಒಳಹೋಗುತ್ತದಲ್ಲವೇ? ಹಾಗೆಯೇ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕು ಎಂಬ ಲೆಕ್ಕವೇ ಪಿಚ್.

ಆದರೆ ನೀರು ಮರದಷ್ಟು ಗಟ್ಟಿಯಲ್ಲ, ಜಾರುತ್ತದೆ. ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗಿ, ಗೇರ್ ಅದನ್ನು ಅರ್ಧಕ್ಕೆ ಇಳಿಸಿದರೆ, 10 ಇಂಚು ಪಿಚ್‌ನ ಪ್ರೊಪೆಲ್ಲರ್ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 42 ಕಿ.ಮೀ. ಓಡಿಸಬೇಕು. ಶೇ 20ರಷ್ಟು ಜಾರಿದರೆ ಸಿಗುವುದು ಸುಮಾರು 33 ಕಿ.ಮೀ. ದೋಣಿಯ ಭಾರ ಹೆಚ್ಚಿದಂತೆ ಜಾರುವಿಕೆಯೂ ಹೆಚ್ಚುತ್ತದೆ.

ಹಾಗಾದರೆ ಪಿಚ್ ಹೆಚ್ಚಿಸಿದರೆ ಏನಾಗುತ್ತದೆ?

ತುಂಬಿದ ಬೈಕನ್ನು ಟಾಪ್ ಗೇರ್‌ನಲ್ಲೇ ಘಾಟಿ ಹತ್ತಿಸಿದರೆ ಏನಾಗುತ್ತದೋ ಅದೇ ಆಗುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ, ತಿರುಗಬೇಕಾದಷ್ಟು ತಿರುಗುವುದಿಲ್ಲ. ಶಾಖ ಏರುತ್ತದೆ, ಒಳಗೆ ಮಸಿ ಕಟ್ಟುತ್ತದೆ, ಎಂಜಿನ್ ಬೇಗ ಸವೆಯುತ್ತದೆ.

ದೋಣಿಯ ಆಕಾರಕ್ಕೂ ಒಂದು ಮಿತಿಯಿದೆ. ನೀರಿನ ಮೇಲೆ ತೇಲಿ ಜಾರದೆ, ನೀರನ್ನು ಸೀಳಿಕೊಂಡೇ ಸಾಗುವ 25 ಅಡಿಯ ದೋಣಿಗೆ ಗಂಟೆಗೆ ಸುಮಾರು 12 ಕಿ.ಮೀ. ದಾಟಿದ ಮೇಲೆ ಅಲೆಯ ತಡೆ ವಿಪರೀತ ಏರುತ್ತದೆ. ಅಲ್ಲಿಂದ ಮುಂದೆ ಪಿಚ್ ಹೆಚ್ಚಿಸಿದರೂ ವೇಗ ಸಿಗದು, ಇಂಧನ ಮಾತ್ರ ಉರಿಯುತ್ತದೆ.

ಅಪಾಯ ಎದುರಾಗುವುದು ಅಳಿವೆಯಲ್ಲಿ. ತೆರೆ ಎದ್ದಾಗ ದೋಣಿಯನ್ನು ಥಟ್ಟನೆ ಮುಂದೆ ನೂಕುವ ಶಕ್ತಿ ಬೇಕು. ಪಿಚ್ ಅತಿಯಾದರೆ ಆ ಶಕ್ತಿಯೇ ಸಿಗುವುದಿಲ್ಲ.

ಪಿಚ್ ತೀರಾ ಕಡಿಮೆ ಇದ್ದರೆ?

ಅದೂ ಸರಿಯಲ್ಲ. ಎಂಜಿನ್ ಮಿತಿ ಮೀರಿ ತಿರುಗಿ ಹಾಳಾಗಬಹುದು.

ಸರಿಯಾದದ್ದನ್ನು ಆರಿಸುವುದು ಹೇಗೆ?

ಎಂಜಿನ್ ಜೊತೆ ಬರುವ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಇರಬೇಕಾದ ಆರ್‌ಪಿಎಂ ಕೊಟ್ಟಿರುತ್ತಾರೆ. ನೀರು ಶಾಂತವಾಗಿರುವಾಗ, ದಿನವೂ ಒಯ್ಯುವಷ್ಟೇ ಭಾರ ಹಾಕಿ, ಲೈಫ್ ಜಾಕೆಟ್ ತೊಟ್ಟು, ಸ್ವಲ್ಪ ಹೊತ್ತು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ಮೀಟರ್ ನೋಡಿ.

ಕೈಪಿಡಿಯಲ್ಲಿ 5000ದಿಂದ 6000 ಎಂದಿದ್ದು, ನಿಮಗೆ 4800 ಬಂದರೆ ಪಿಚ್ ಹೆಚ್ಚಾಗಿದೆ ಎಂದರ್ಥ. 1 ಇಂಚು ಪಿಚ್ ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ಅಂದರೆ 2 ಇಂಚು ಕಡಿಮೆಯದ್ದು ಹಾಕಿ ಮತ್ತೆ ಪರೀಕ್ಷಿಸಿ. ಆರ್‌ಪಿಎಂ 6000 ಮೀರಿದರೆ ಪಿಚ್ ಹೆಚ್ಚಿಸಬೇಕು. ಆದರೆ ಅದಕ್ಕೂ ಮುನ್ನ ಎಂಜಿನ್ ತೀರಾ ಮೇಲೆ ಕೂತಿದೆಯೇ ಎಂದು ನೋಡಿ. ಪ್ರೊಪೆಲ್ಲರ್ ಗಾಳಿ ಎಳೆದುಕೊಂಡರೂ ಹೀಗೇ ಆಗುತ್ತದೆ.

ಸ್ಟೀಲ್, ನಾಲ್ಕು ರೆಕ್ಕೆ: ಇವು ಯಾವಾಗಲೂ ಉತ್ತಮವೇ?

ಸ್ಟೀಲ್ ರೆಕ್ಕೆ ತೆಳುವಾಗಿದ್ದರೂ ಬಾಗುವುದಿಲ್ಲ. ಆದರೆ ಬಂಡೆಗೆ ಬಡಿದರೆ ಪೆಟ್ಟು ಗೇರ್‌ವರೆಗೂ ಹೋಗಬಹುದು. ಅಲ್ಯೂಮಿನಿಯಂ ಆದರೆ ರೆಕ್ಕೆಯೇ ಬಾಗಿ ಪೆಟ್ಟನ್ನು ತಾನೇ ಹೀರಿಕೊಳ್ಳುತ್ತದೆ, ಬೆಲೆಯೂ ಕಡಿಮೆ. ನಾಲ್ಕು ರೆಕ್ಕೆಯದ್ದು ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಭಾರ ಎಳೆಯಲು ಒಳ್ಳೆಯದು. ಗರಿಷ್ಠ ವೇಗ ಮಾತ್ರ ತುಸು ಇಳಿಯಬಹುದು.

ಕೊನೆಯ ಮಾತು

ಗೆಳೆಯನ ದೋಣಿಗೆ ಹೊಂದಿದ ಪ್ರೊಪೆಲ್ಲರ್ ನಿಮ್ಮದಕ್ಕೂ ಹೊಂದಬೇಕೆಂದಿಲ್ಲ. ದೋಣಿಯ ಭಾರ ಬೇರೆ, ಎಂಜಿನ್ ಬೇರೆ, ಗೇರ್ ಬೇರೆ. ಹಂಚುವುದಾದರೆ ಇಷ್ಟನ್ನು ಹಂಚಿ: ‘ಸಂಖ್ಯೆ ನೋಡಿ ಕೊಳ್ಳಬೇಡಿ, ಭಾರ ಹಾಕಿ ಆರ್‌ಪಿಎಂ ನೋಡಿ ಕೊಳ್ಳಿ.’