ಕುಡಿಯದವರ ಲಿವರ್

ಗೌರಿಬಿದನೂರಿನಲ್ಲಿ ನನ್ನೊಡನೆ ಬಹುಕಾಲ ಪಾಠ ಮಾಡಿದ ಗಣಿತದ ಮೇಷ್ಟ್ರೊಬ್ಬರಿದ್ದರು. ಹೆಂಡ ಮುಟ್ಟುವುದಿರಲಿ, ಕುಡಿದು ಬಂದವರ ಪಕ್ಕದಲ್ಲಿ ಊಟಕ್ಕೂ ಕೂರದವರು. ಕೆಲವು ವರ್ಷಗಳ ಹಿಂದೆ ಅವರು ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು. ತಿಥಿಯ ದಿನ ಪಂಕ್ತಿಯಲ್ಲಿ ಯಾರೋ ಪಿಸುಗುಟ್ಟಿದರು: "ಗುಟ್ಟಾಗಿ ಕುಡೀತಿದ್ರು ಅನ್ಸುತ್ತೆ. ಇಲ್ದಿದ್ರೆ ಲಿವರ್ ಯಾಕೆ ಹೋಗುತ್ತೆ?" ಬಡಿಸುತ್ತಿದ್ದ ಅವರ ಮಡದಿಗೂ ಅದು ಕೇಳಿಸಿತು. ಆ ಮಾತು ಅನ್ಯಾಯದ್ದೆಂದು ಹೇಳುವುದಕ್ಕಾಗಿಯೇ ಈ ಬರಹ.

ಮೇಷ್ಟ್ರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು, ಹೊಟ್ಟೆಯೂ ಬೆಳೆದಿತ್ತು. ಹಿಂದೊಮ್ಮೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ 'ಫ್ಯಾಟಿ ಲಿವರ್' ಎಂದು ಬರೆದಿತ್ತು. ಅದನ್ನು ನನಗೆ ತೋರಿಸಿ ನಕ್ಕರು. "ಈಗ ಎಲ್ಲರಿಗೂ ಇದೇ ಅಲ್ಲವೇ ಸಾರ್" ಎಂದು ನಾನೂ ನಕ್ಕೆ. ಆ ನಗು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮದ್ಯವಿಲ್ಲದೆಯೂ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಬೊಜ್ಜು ಮತ್ತು ಮಧುಮೇಹ ಇದಕ್ಕೆ ಮುಖ್ಯ ಕಾರಣಗಳು. ನಮ್ಮ ಸೀಮೆಯಲ್ಲಿ ಹಿರಿಯರ ಊಟದ ಪ್ರಮಾಣ ಉಳಿದಿದೆ, ಅವರ ಹೊಲದ ದುಡಿಮೆ ಉಳಿದಿಲ್ಲ. ಕೊಬ್ಬು ಸೇರಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ಕೆಲವರಲ್ಲಿ ಉರಿಯೂತವಾಗಿ, ಅಂಗಾಂಶ ನಾರುಗಟ್ಟಿ, ಕೊನೆಗೆ ಸಿರೋಸಿಸ್ ಆಗುತ್ತದೆ. ಅಪಾಯ ಹೆಚ್ಚುವುದು ಅಲ್ಲಿ. ಸಿರೋಸಿಸ್ ಇಲ್ಲದವರಲ್ಲಿಯೂ ಒಮ್ಮೊಮ್ಮೆ ಕ್ಯಾನ್ಸರ್ ಕಾಣಿಸಿಕೊಳ್ಳುವುದುಂಟು. ಇಷ್ಟೆಲ್ಲ ನಡೆಯುವಾಗ ಯಕೃತ್ತು ಬಹುಮಟ್ಟಿಗೆ ನೋಯುವುದೇ ಇಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಕೊಬ್ಬು ಎಷ್ಟಿದೆ' ಎಂಬುದಷ್ಟೇ ಅಲ್ಲ, 'ನಾರುಗಟ್ಟಿದೆಯೇ' ಎಂಬುದು. ಅದಕ್ಕೆ ಫಿಬ್-4 ಎಂಬ ಸುಲಭ ಲೆಕ್ಕವಿದೆ. ವಯಸ್ಸನ್ನು ಎ.ಎಸ್.ಟಿ.ಯಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎ.ಎಲ್.ಟಿ.ಯ ವರ್ಗಮೂಲಗಳ ಗುಣಲಬ್ಧದಿಂದ ಭಾಗಿಸುವುದು. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 65 ದಾಟಿದವರಿಗೆ ಈ ಮಿತಿ 2.0. ಹೆಚ್ಚಿದ್ದರೆ ಮುಂದಿನ ಪರೀಕ್ಷೆ ಬೇಕು. ಸಿರೋಸಿಸ್ ಇದ್ದವರಿಗೆ 6 ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ವರ್ಗಮೂಲವನ್ನು ಬಾಯಲ್ಲೇ ಹೇಳುತ್ತಿದ್ದ ನಮ್ಮ ಮೇಷ್ಟ್ರಿಗೆ ಈ ಲೆಕ್ಕವನ್ನು ಯಾರೂ ಕೊಡಲಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿಯೇ ಈ ಕಾಯಿಲೆಯನ್ನು ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2024ರಲ್ಲಿ ಪರಿಷ್ಕೃತ ಮಾರ್ಗಸೂಚಿಯೂ ಬಂತು. ಸಕ್ಕರೆ, ಬಿ.ಪಿ. ನೋಡುವ ಪ್ರತಿಯೊಂದು ಶಿಬಿರದಲ್ಲಿಯೂ ಈ ಲೆಕ್ಕ ನಡೆಯಲೇಬೇಕೆಂಬುದು ನನ್ನ ಒತ್ತಾಯ. ಅದಕ್ಕೂ ಮೊದಲು ನಮ್ಮ ಮನಸ್ಸು ತಿಳಿಯಾಗಬೇಕು. ವೈದ್ಯ ಸಂಘಟನೆಗಳು 2023ರಲ್ಲಿ ಈ ಕಾಯಿಲೆಗೆ ಹೊಸ ಹೆಸರಿಟ್ಟು 'ಮದ್ಯ'ದ ಪ್ರಸ್ತಾಪವನ್ನೇ ಕೈಬಿಟ್ಟವು. ನಾವು ಮಾತ್ರ ಕಾಯಿಲೆಯವರ ನಡತೆಯನ್ನೇ ಅಳೆಯುತ್ತಿದ್ದೇವೆ. ಆ ಭಯಕ್ಕೆ ಎಷ್ಟು ಮಂದಿ ವರದಿಗಳನ್ನು ಬೀರುವಿನಲ್ಲಿ ಅಡಗಿಸಿಟ್ಟಿರುವರೋ!

ತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ ಇಳಿಸಿದರೆ ಉರಿಯೂತ ತಗ್ಗುತ್ತದೆ, ನಾರುಗಟ್ಟಿದ್ದೂ ಸುಧಾರಿಸಬಹುದು. ನಾನೂ ಸಕ್ಕರೆ ಕಾಯಿಲೆಯವನೇ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿ, ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಉತ್ತರ 2.0ರ ಒಳಗೇ ಬಂತು. ಆಮೇಲೆ ಮೇಷ್ಟ್ರ ಮನೆಗೆ ಹೋಗಿ, ಅವರ ಮಡದಿಗೆ ಇದನ್ನೆಲ್ಲ ವಿವರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ಆ ಪಂಕ್ತಿಯಲ್ಲೇ ಹೇಳಬೇಕಿತ್ತು ನೀವು" ಎಂದರು.

ಹೌದು, ಹೇಳಬೇಕಿತ್ತು.