ಎಣಿಸದ ಹೊಗೆಗೆ ಶುದ್ಧವೆಂಬ ಹೆಸರೇಕೆ?

ಕಾಚಿಗೂಡ ರೈಲು ನಿಲ್ದಾಣದೆದುರು ಸ್ಕೂಟರುಗಳ ಹೊಗೆ ಕುಡಿಯುವವರಿಗೆ ಒಂದು ಸಮಾಧಾನ ಹೇಳಲಾಗುತ್ತಿದೆ: 20% ಎಥೆನಾಲ್ ಬೆರೆತ ಪೆಟ್ರೋಲಿನಿಂದ ಗಾಳಿ ಶುದ್ಧ. ಇದು ಅರ್ಧ ನಿಜ. ದ್ವಿಚಕ್ರ ವಾಹನಗಳ ಕಾರ್ಬನ್ ಮಾನಾಕ್ಸೈಡ್ 50% ಇಳಿಯುತ್ತದೆ ಎಂದಿತ್ತು ನೀತಿ ಆಯೋಗದ 2021ರ ವರದಿ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳ ಕತೆ ಬೇರೆ.

ಮಸಿ ಹುಟ್ಟಿಸುವ ಆರೊಮ್ಯಾಟಿಕ್‌ಗಳ ಪಾಲನ್ನು ಎಥೆನಾಲ್ ತಗ್ಗಿಸುತ್ತದೆ, ಒಪ್ಪೋಣ. ಆದರೆ ಆವಿಯಾಗಲು ಅದು ಪೆಟ್ರೋಲಿಗಿಂತ ಹೆಚ್ಚು ಶಾಖ ಹೀರುತ್ತದೆ. ಎಂಜಿನ್ ತಣ್ಣಗಿದ್ದಾಗ ಭಾರದ ಆರೊಮ್ಯಾಟಿಕ್‌ಗಳು ಹನಿಯಾಗಿಯೇ ಉಳಿದು ಮಸಿ ಹೆಚ್ಚಬಹುದು.

ಹೆಚ್ಚಿತೋ ತಗ್ಗಿತೋ ನೋಡುವವರು ಯಾರು? ಪೆಟ್ರೋಲ್ ವಾಹನಗಳಲ್ಲಿ ಬಿಎಸ್-6ರ ಕಣಮಿತಿ ನೇರ ಇಂಜೆಕ್ಷನ್ ಎಂಜಿನ್‌ಗಳಿಗಷ್ಟೇ. ಮಾಲಿನ್ಯ ತಪಾಸಣೆಯಲ್ಲೂ ಪೆಟ್ರೋಲ್ ವಾಹನದ ಕಣಗಳನ್ನು ಅಳೆಯುವುದಿಲ್ಲ.

ಸ್ವಾಮಿ, ಮೊದಲು ಎಣಿಸಿ; ಆಮೇಲೆ ಹೊಗಳಿಕೊಳ್ಳಿ.