ಐವತ್ತೆಂಟರ ನಿಯಮವೂ ಹೊಲಿಗೆಯ ಹೆಂಗಸರೂ

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವಾಹನಸಂಚಾರ ನಿಂತುಹೋಯಿತು. ಬೊಮ್ಮನಹಳ್ಳಿಯ ಸುತ್ತಣ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಸಾವಿರಾರು ಹೆಂಗಸರು ಹೊಲಿಗೆಯ ಯಂತ್ರಗಳನ್ನು ಬಿಟ್ಟು ಬೀದಿಗಿಳಿದಿದ್ದರು. ಇವರೇ ಮುಂದಾಳೆಂದು ಬೆರಳಿಟ್ಟು ತೋರಿಸಬಹುದಾದವರು ಯಾರೂ ಇರಲಿಲ್ಲ. ಮರುದಿನ ಕಲ್ಲುತೂರಾಟ, ಬಸ್ಸುಗಳಿಗೆ ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆದವು. ಬಸ್ಸು ಸುಟ್ಟದ್ದನ್ನು ಯಾರೂ ಮೆಚ್ಚಲಾರರು. ಆದರೆ ಆ ಹೊಗೆಯಲ್ಲಿ ಮೂಲಪ್ರಶ್ನೆ ಮರೆಯಾಗಬಾರದು.

ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿ ತಮ್ಮ ಪಾಲನ್ನಷ್ಟೇ ಪಡೆಯಬಹುದಿತ್ತು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಸೇರುವಂತಿರಲಿಲ್ಲ. ಮುಪ್ಪಿಗೆ ನಾಲ್ಕು ಕಾಸು ಉಳಿಯಲೆಂಬ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ನಿಯಮ ಬರೆದವರ ಕಣ್ಣಮುಂದೆ ಇದ್ದುದು, ಒಂದೇ ಕಚೇರಿಯನ್ನು ಸೇರಿ ಅಲ್ಲಿಯೇ ನಿವೃತ್ತನಾಗುವ ಗುಮಾಸ್ತನ ಚಿತ್ರವೆಂದು ತೋರುತ್ತದೆ. ಗಾರ್ಮೆಂಟ್ಸ್ ಹೆಂಗಸಿನ ಬಾಳು ಅಂಥದಲ್ಲ. ಗಂಟೆಗೆ ಇಷ್ಟು ಕಾಲರು, ಇಷ್ಟು ತೋಳು ಎಂದು ಗೊತ್ತುಮಾಡಿದ ಟಾರ್ಗೆಟ್ಟನ್ನು ಮುಟ್ಟಿಸುವುದಕ್ಕಾಗಿ ನೀರು ಕುಡಿಯಲೂ ಏಳದೆ ದುಡಿಯುವ ದೇಹ ಐವತ್ತೆಂಟರವರೆಗೆ ಯಂತ್ರದ ಮುಂದೆ ಉಳಿದೀತೆ? ಬೆನ್ನೂ ಕಣ್ಣೂ ಸೋತಾಗ ಅವಳು ಕೆಲಸ ಬಿಡುತ್ತಾಳೆ. ಆಗ ಬರುವ ಪಿ.ಎಫ್. ಹಣದಿಂದ ಮಗಳ ಮದುವೆ ಆಗಬೇಕು, ಶಾಲೆಯ ಶುಲ್ಕ ಕಟ್ಟಬೇಕು, ಬಡ್ಡಿಸಾಲ ತೀರಬೇಕು. ತಿಂಗಳ ಸಂಬಳ ಬಾಡಿಗೆಗೂ ದಿನಸಿಗೂ ಸರಿಹೋಗುವಲ್ಲಿ ಅವಳಿಗಿರುವ ಗಂಟು ಅದೊಂದೇ. ಅದನ್ನು ಅವಳ ಹಿತಕ್ಕಾಗಿಯೇ ಕಾಯ್ದಿಡುತ್ತೇವೆಂದವರು ಸಂಬಳದ ಮಾತನ್ನು ಮಾತ್ರ ಎತ್ತಲಿಲ್ಲ!

19ರ ಸಂಜೆಗೆ ಅಧಿಸೂಚನೆ ರದ್ದಾಯಿತು. ಎರಡೇ ದಿನದಲ್ಲಿ ದೆಹಲಿಯನ್ನು ಮಣಿಸಿದ ಈ ಹೆಂಗಸರು, ಕಾರ್ಖಾನೆಯೊಳಗೆ ಸೂಪರ್‌ವೈಸರನ ಬಿರುನುಡಿಯನ್ನು ತಡೆಯಲಾರದಿರುವುದೇಕೆಂಬುದು ವಿಚಾರಾರ್ಹ. ಬೀದಿಯಲ್ಲಿ ಅವರು ಸಾವಿರ. ಯಂತ್ರದ ಮುಂದೆ ಒಬ್ಬೊಬ್ಬಳೂ ಒಂಟಿ. ಸಂಘ ಸೇರಿದವರು ಇಂದಿಗೂ ಅಲ್ಪಸಂಖ್ಯಾತರೇ.

ಆದರೂ ಸಂಘಗಳ ಕೆಲಸ ವ್ಯರ್ಥವೆನ್ನಲಾಗದು. 2020ರ ಏಪ್ರಿಲಿನಿಂದ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಾಗಬೇಕಿತ್ತು. ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಅದೇ ವರ್ಷ ಹೈಕೋರ್ಟು ಕೊಡಬೇಕೆಂದಿತು. ಮಾಲೀಕರಲ್ಲಿ ಬಹುಮಂದಿ ಕೊಡಲಿಲ್ಲ. ಸಂಘಗಳು ವಿದೇಶೀ ಖರೀದಿದಾರರ ಬಾಗಿಲು ತಟ್ಟಿದ ಮೇಲೆ, 2022ರಲ್ಲಿ ಬಾಕಿ ಸಂದಾಯವಾಗತೊಡಗಿತು. ನಮ್ಮ ನ್ಯಾಯಾಲಯದ ಆಜ್ಞೆಗೆ ತೆರೆಯದ ಪೆಟ್ಟಿಗೆ ಕಡಲಾಚೆಯ ಗಿರಾಕಿಯ ಮಾತಿಗೆ ತೆರೆಯಿತೆಂಬುದು ನಾಚಿಕೆಯ ಸಂಗತಿ. ಅಷ್ಟರೊಳಗೆ ಕೆಲಸ ಬಿಟ್ಟು ಊರು ಸೇರಿದವರಿಗೂ ಈ ಬಾಕಿ ನ್ಯಾಯವಾಗಿ ಸಲ್ಲತಕ್ಕದ್ದೇ. ಅವರನ್ನು ಹುಡುಕಿ ಕೊಡುವ ಹೊಣೆ ಕಾರ್ಖಾನೆಯದು. ಕೊಟ್ಟರೆ ಇಲ್ಲವೆ ಎಂದು ಕೇಳುವ ಹೊಣೆ ಕಾರ್ಮಿಕ ಇಲಾಖೆಯದು.